ಮನೆಯ ಎಣ್ಣೆ ಹಚ್ಚಿದರೆ ಕೀಲುನೋವು ವಾಸಿಯಾಗುತ್ತದೆಯೇ?

ನಾನು ಮನೆಯಲ್ಲಿ ಎಣ್ಣೆ ಕಾಯಿಸುತ್ತೇನೆ, ಮುಲಾಮು ಮಾಡುತ್ತೇನೆ ಎಂದು ಗೊತ್ತಾದವರೆಲ್ಲ ಕೇಳುವುದು ಇದನ್ನೇ: "ಹಚ್ಚಿದರೆ ಮಂಡಿನೋವು ವಾಸಿಯಾಗುತ್ತಾ?" ಕೇಳುವಾಗಲೇ ಅವರ ಕೈ ಮಂಡಿಯ ಮೇಲಿರುತ್ತದೆ. ಹಾಗಾಗಿ ಹಾರಿಕೆಯ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ. ನೋವು ಸ್ವಲ್ಪ ಹೊತ್ತು ತಗ್ಗುತ್ತದೆ. ಸವೆದ ಕೀಲು ಹಾಗೆಯೇ ಇರುತ್ತದೆ. ಆದರೆ ನೋವು ತಗ್ಗಿದ ಆ ಸ್ವಲ್ಪ ಹೊತ್ತು ಬಹಳ ದೊಡ್ಡದು. ಅದಕ್ಕಾಗಿಯೇ ನಾನು ಇಂದಿಗೂ ಎಣ್ಣೆ ಕಾಯಿಸುತ್ತಿದ್ದೇನೆ.

ಇದನ್ನು ಶುರುಮಾಡಿದ್ದು ಅಮ್ಮನಿಗಾಗಿ. ಬೆಳಗ್ಗೆ ಎದ್ದಾಗ ಅಮ್ಮನ ಹೆಬ್ಬೆರಳ ಬುಡ ಎಷ್ಟು ಬಿಗಿದಿರುತ್ತಿತ್ತೆಂದರೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಬೆಚ್ಚಗಿನ ಎಣ್ಣೆಯಲ್ಲಿ ಹತ್ತು ನಿಮಿಷ ಒಂದೊಂದೇ ಬೆರಳನ್ನು ನೀವಿದರೆ ಬೆರಳು ಮಡಚುತ್ತಿತ್ತು, ಹುಕ್ಕು ಸಿಕ್ಕುತ್ತಿತ್ತು. ಬೆರಳಿನ ಗಂಟುಗಳು ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ಯಾಕೆ ಹೀಗೆ? ಎಣ್ಣೆ ಚರ್ಮದ ಮೇಲ್ಪದರದಲ್ಲೇ ಹೆಚ್ಚಾಗಿ ನಿಲ್ಲುತ್ತದೆ. ಸವೆದ ಮೃದ್ವಸ್ಥಿಯ (ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಸಿದ ಮೆತ್ತನೆಯ ಪದರ) ತನಕ ಇಳಿದು ಅದನ್ನು ಮತ್ತೆ ಬೆಳೆಸುವ ಶಕ್ತಿ ಯಾವ ಸೊಪ್ಪಿನ ಎಣ್ಣೆಗೂ ಇಲ್ಲ. ಅದು ಕೆಲಸ ಮಾಡುವುದು ಚರ್ಮದ ನರತುದಿಗಳ ಮೇಲೆ. ಮೆಣಸಿನಕಾಯಿಯ ಖಾರ, ಅಂದರೆ ಕ್ಯಾಪ್ಸೈಸಿನ್, ಬಿಸಿಯನ್ನು ಗ್ರಹಿಸುವ ನರತುದಿಯನ್ನೇ ತಟ್ಟುತ್ತದೆ. ಆ ನರತುದಿಯಲ್ಲಿ ಖಾರವನ್ನೂ ಬಿಸಿಯನ್ನೂ ಗ್ರಹಿಸುವ ಪ್ರೋಟೀನನ್ನು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿತು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಮೊದಲು ಉರಿಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಬಿಡದೆ ಹಚ್ಚಿದರೆ ಆ ನರತುದಿಗಳು ಮಂಕಾಗಿ, ಎರಡು ಮೂರು ವಾರಗಳಲ್ಲಿ ನೋವು ಇಳಿಯುತ್ತದೆ. ಒಂದು ದಿನ ಹಚ್ಚಿ "ಉರಿ ಬಂತು, ಗುಣವಿಲ್ಲ" ಎಂದು ಬಿಡುವವರಿಗೆ ನಾನು ಇದನ್ನೇ ಹೇಳುವುದು. ಮೆಂಥಾಲ್ ತಂಪನ್ನು ಗ್ರಹಿಸುವ ನರವನ್ನು ಎಬ್ಬಿಸುತ್ತದೆ. ಇನ್ನು ನೀವುವುದು: ಮುಟ್ಟಿದ, ತಿಕ್ಕಿದ ಸುದ್ದಿ ನರಗಳಲ್ಲಿ ಹರಿಯುವಾಗ ನೋವಿನ ಸುದ್ದಿಗೆ ಬೆನ್ನುಹುರಿಯಲ್ಲೇ ಅಡ್ಡಿಯಾಗುತ್ತದೆಂದು ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲೇ ವಿವರಿಸಿದ್ದರು. ನನ್ನ ಅನುಭವದಲ್ಲಿ ಅರ್ಧ ಗುಣ ಎಣ್ಣೆಯದ್ದಾದರೆ ಇನ್ನರ್ಧ ನೀವುವ ಕೈಯದ್ದು.

ಮಾಡುವ ಬಗೆ ಹೇಳುತ್ತೇನೆ. ಸೊಪ್ಪಿನ ತೈಲಕ್ಕೆ ಆಯುರ್ವೇದದ ಲೆಕ್ಕ ಸರಳ: ಅರೆದ ಸೊಪ್ಪು ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು. ನಾನು ಲಕ್ಕಿ ಸೊಪ್ಪು ಮತ್ತು ಎಳ್ಳೆಣ್ಣೆ ಬಳಸುತ್ತೇನೆ. ದಪ್ಪ ತಳದ ಪಾತ್ರೆ, ಸಣ್ಣ ಉರಿ, ಗಂಟೆಗಟ್ಟಲೆ ತಾಳ್ಮೆ. ನೀರು ಇರುವ ತನಕ ಎಣ್ಣೆ ಗೊಳಗೊಳ ಸದ್ದು ಮಾಡುತ್ತದೆ. ಕೊನೆಗೆ ಸದ್ದು ಅಡಗಿ ಮೇಲೆ ನೊರೆ ಏಳುತ್ತದೆ. ಆಗ ತಳದ ಚರಟವನ್ನು ತೆಗೆದು, ಆರಿಸಿ, ಬೆರಳುಗಳ ನಡುವೆ ಹೊಸೆದರೆ ಬತ್ತಿಯಂತೆ ಸುತ್ತಿಕೊಳ್ಳಬೇಕು. ಆ ಬತ್ತಿಯನ್ನು ದೀಪಕ್ಕೆ ಹಿಡಿದರೆ ಚಟಪಟ ಎನ್ನದೆ ಉರಿಯಬೇಕು. ಚಟಪಟ ಎಂದರೆ ನೀರಿನಂಶ ಉಳಿದಿದೆ, ಆ ಎಣ್ಣೆ ಬೇಗ ಕೆಡುತ್ತದೆ. ಚರಟ ಕಪ್ಪಾಗಿ ಗಟ್ಟಿಯಾದರೆ ಸೀದಿದೆ ಎಂದರ್ಥ. ಈ ಹದವನ್ನು ಕಣ್ಣಿಗಿಂತ ಕಿವಿ ಮೊದಲು ಹಿಡಿಯುತ್ತದೆ.

ಖಾರದ ಎಣ್ಣೆಗೆ ಇಷ್ಟು ಹೊತ್ತು ಬೇಡ. ನೂರು ಮಿಲಿಲೀಟರ್ ಎಣ್ಣೆಗೆ ಒಂದು ಸಣ್ಣ ಚಮಚ ಒಣಮೆಣಸಿನ ಪುಡಿ ಹಾಕಿ, ಕುದಿಯುವ ನೀರಿನ ಪಾತ್ರೆಯೊಳಗೆ ಒಂದು ಗಂಟೆ ಇಟ್ಟು, ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿದರೆ ಆಯಿತು. ಔಷಧಿ ಕಂಪನಿಗಳ ಕ್ರೀಮಿನಲ್ಲಿ ಕ್ಯಾಪ್ಸೈಸಿನ್ ಸಾಮಾನ್ಯವಾಗಿ ಶೇ 0.025ರಿಂದ 0.075ರಷ್ಟಿರುತ್ತದೆ, ಮನೆಯದ್ದನ್ನು ಹಾಗೆ ಅಳೆಯಲು ಬರುವುದಿಲ್ಲ. ಆದ್ದರಿಂದ ಮೊದಲು ಮುಂಗೈಗೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ. ಹಚ್ಚಿದ ಕೈಯನ್ನು ಬರೀ ನೀರಲ್ಲಿ ತೊಳೆದರೆ ಖಾರ ಹೋಗದು, ಸಾಬೂನು ಬೇಕೇ ಬೇಕು. ಕಣ್ಣಿಗೆ ತಾಗಿಸಬೇಡಿ.

ಮುಲಾಮಿಗೆ ನೂರು ಗ್ರಾಂ ಎಣ್ಣೆ, ಇಪ್ಪತ್ತು ಗ್ರಾಂ ಜೇನುಮೇಣ. ಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ. ನೇರ ಬೆಂಕಿಗೆ ಇಡಬೇಡಿ. ಒಂದು ಹನಿ ತಣ್ಣನೆಯ ತಟ್ಟೆಗೆ ಹಾಕಿದರೆ ಗಟ್ಟಿತನ ತಿಳಿಯುತ್ತದೆ. ಮೂರು ಮೂರು ಗ್ರಾಂ ಕರ್ಪೂರ ಮತ್ತು ಮೆಂಥಾಲ್ ಹರಳನ್ನು ಒಂದೇ ಶೀಸೆಗೆ ಹಾಕಿಡಿ. ಬೆಂಕಿಯಿಲ್ಲದೆ, ನೀರಿಲ್ಲದೆ ಎರಡೂ ಒಂದನ್ನೊಂದು ಕರಗಿಸಿ ನೀರಾಗುತ್ತವೆ! ಎಷ್ಟು ಸಲ ನೋಡಿದರೂ ನನಗೆ ಬೆರಗು ತಪ್ಪಿಲ್ಲ. ಮೇಣದೆಣ್ಣೆ ಸ್ವಲ್ಪ ಆರಿ, ಗಟ್ಟಿಯಾಗುವ ಮೊದಲು ಇದನ್ನು ಬೆರೆಸಬೇಕು. ಕುದಿಯುವಾಗ ಹಾಕಿದರೆ ಸತ್ವವೆಲ್ಲ ಆವಿಯಾಗುತ್ತದೆ. ಕರ್ಪೂರ ಔಷಧಿಗೆಂದು ಮಾರುವುದೇ ಆಗಿರಲಿ, ಉರಿಸುವುದಕ್ಕೆಂದು ಮಾರುವುದು ಬೇಡ. ಮಕ್ಕಳ ಕೈಗೆ ಸಿಗದಂತೆ ಇಡಿ, ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ನೋವಿನ ಮುಲಾಮುಗಳಿಗೆ ಹಾಕುವ ವಿಂಟರ್‌ಗ್ರೀನ್ ಎಂಬ ಗಿಡದ ಎಣ್ಣೆಯನ್ನು ನಾನು ಮುಟ್ಟುವುದೇ ಇಲ್ಲ. ಅದರ ಒಂದು ಚಮಚದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಷ್ಟು ಸ್ಯಾಲಿಸಿಲೇಟ್ (ಆಸ್ಪಿರಿನ್ ಜಾತಿಯ ರಾಸಾಯನಿಕ) ಇರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಹಚ್ಚಿಕೊಂಡರೂ ಅಪಾಯ.

ನನ್ನಿಂದಲೇ ಆದ ಒಂದು ತಪ್ಪನ್ನು ಹೇಳಲೇಬೇಕು. ಒಮ್ಮೆ ಅಮ್ಮನ ಮಂಡಿಗೆ ಮುಲಾಮು ಹಚ್ಚಿ, ಇನ್ನಷ್ಟು ಹಾಯೆನಿಸಲಿ ಎಂದು ಮೇಲೆ ಬಿಸಿನೀರಿನ ಚೀಲ ಇಟ್ಟೆ. ಹತ್ತು ನಿಮಿಷದಲ್ಲಿ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತು. ಅಮ್ಮ ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ಮಂಡಿಯನ್ನು ನೋಡಲು ಆಗುತ್ತಿರಲಿಲ್ಲ. ಮುಲಾಮು ಹಚ್ಚಿದ ಮೇಲೆ ಶಾಖ ಬೇಡ, ಬಿಗಿಯಾದ ಪಟ್ಟಿಯೂ ಬೇಡ. ಶಾಖ ಕೊಡುವುದಿದ್ದರೆ ಹಚ್ಚುವ ಮೊದಲು ಕೊಟ್ಟು, ಚರ್ಮ ಆರಲು ಬಿಡಿ.

ಎಲ್ಲ ಕೀಲುನೋವೂ ಸವೆತವಲ್ಲ ಎನ್ನುವುದನ್ನು ಯಾರೂ ಮರೆಯಬಾರದು. ಬೆಳಗಿನ ಬಿಗಿತ ಗಂಟೆ ಮೀರಿ ಇರುತ್ತಿದ್ದರೆ, ಎರಡೂ ಕೈಯ ಗಂಟುಗಳು ಒಟ್ಟಿಗೆ ಊದಿದರೆ ಅದು ದೇಹದ ರಕ್ಷಣಾ ವ್ಯವಸ್ಥೆಯೇ ಕೀಲನ್ನು ತಿನ್ನುವ ರುಮಟಾಯ್ಡ್ ಸಂಧಿವಾತ ಇರಬಹುದು. ಅಲ್ಲಿ ಎಣ್ಣೆ ನಂಬಿ ಕಳೆದ ಒಂದೊಂದು ತಿಂಗಳೂ ಮೂಳೆಯ ನಷ್ಟ. ಆ ದಾಳಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್‌ನಂಥ ಔಷಧಿ ವೈದ್ಯರಿಂದ ಬೇಗ ಶುರುವಾಗಬೇಕು. ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ನೀವುವುದು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಸವೆತದ ನೋವಿಗೆ ಎಣ್ಣೆ ಹಚ್ಚಿದ ಮೇಲೆ ಮಲಗಿಬಿಡಬೇಡಿ. ನೋವು ತಗ್ಗಿರುವ ಆ ಅರ್ಧ ಗಂಟೆಯಲ್ಲಿ ಕೀಲನ್ನು ಆಡಿಸಿ. ಮಂಡಿಯ ಭಾರ ಹೊರುವುದು ತೊಡೆಯ ಸ್ನಾಯು. ಅದು ಬಲವಾದಷ್ಟೂ ಮಂಡಿಗೆ ಬಿಡುವು. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಅಮ್ಮನಿಗೆ ಎಣ್ಣೆ ನೀವಿದ ಕೂಡಲೇ ಕುರ್ಚಿಯಲ್ಲಿ ಕೂರಿಸಿ, ಒಂದು ಕಾಲು ನೀಟಾಗಿ ಚಾಚಿ ಐದು ಎಣಿಸುವ ತನಕ ಹಿಡಿಯಲು ಹೇಳುತ್ತೇನೆ. ಎಣಿಸುವುದು ನಾನು. ಮೊದಲ ವಾರ ಮೂರಕ್ಕೇ ಕಾಲು ನಡುಗಿ ಕೆಳಗಿಳಿಯುತ್ತಿತ್ತು; ಈಗ ಐದಾದ ಮೇಲೂ ಅಮ್ಮ, "ಇನ್ನೆರಡು ಎಣಿಸು" ಅನ್ನುತ್ತಾಳೆ.