ಇವತ್ತು ದೋಣಿ ನೀರು ಕುಡಿಯಿತು

ಆಗಸ್ಟ್ 23, 2025, ಶನಿವಾರ
ಲೇಕ್ ಸೇಂಟ್ ಕ್ಲೇರ್, ಮಿಶಿಗನ್

ಬೆಳಿಗ್ಗೆ ಏಳೂಕಾಲಿಗೆ ದೋಣಿಯನ್ನು ನೀರಿಗೆ ಇಳಿಸಿದೆವು. ಏಳೂವರೆಗೆ ಅದರೊಳಗೆ ಪಾದ ಮುಳುಗುವಷ್ಟು ನೀರು.

ಗಾಬರಿಯಾಗಬೇಡಿ. ಒಣಗಿದ ಮರದ ದೋಣಿಯನ್ನು ಮೊದಲ ದಿನ ಹೀಗೇ ನೆನೆಹಾಕಬೇಕು. ಹಲಗೆಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಒತ್ತಿಕೊಂಡು ಸಂದಿ ಮುಚ್ಚುವವರೆಗೆ ಟ್ರೇಲರ್‌ನಿಂದ ಬಿಚ್ಚುವ ಹಾಗಿಲ್ಲ. ಟ್ರೇಲರನ್ನೇ ನೀರೊಳಗೆ ಇಳಿಸಿ, ದೋಣಿಯನ್ನು ಅದಕ್ಕೆ ಬಿಗಿದು, ಎರಡು ಪಂಪ್ ಇಟ್ಟು ಕಾಯುವುದು. ಹೆಸರುಕಾಳು ನೆನೆಸಿಟ್ಟ ಹಾಗೆ. ಇದೆಲ್ಲ ಮೂರು ತಿಂಗಳಿಂದ ಕೇಳಿ ಕೇಳಿ ಗೊತ್ತಿತ್ತು. ಆದರೂ ನಾನೇ ಸ್ಯಾಂಡ್‌ಪೇಪರ್ ಹಿಡಿದು ಅರವತ್ತು ಗ್ರಿಟ್‌ನಿಂದ ಶುರುಮಾಡಿ ಉಜ್ಜಿ, ಹನ್ನೆರಡು ಕೋಟ್ ವಾರ್ನಿಶ್ ಬಳಿದ ದೋಣಿಯೊಳಗೆ ನೀರು ಬುಳುಬುಳು ಏಳುವುದನ್ನು ನೋಡಿದಾಗ ಹೊಟ್ಟೆ ತೊಳಸಿದ್ದು ಸುಳ್ಳಲ್ಲ.

ಮಾವ ಮಾತ್ರ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, "ಕುಡೀಲಿ ಬಿಡ್, ಬಾಯಾರಿತ್ತ್ ಪಾಪ" ಅಂದರು.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿಂದಿನ ಕತೆ. ಇದು ಕ್ರಿಸ್-ಕ್ರಾಫ್ಟ್ ಕಂಪನಿಯ 1948ರ ಮೋಟಾರು ದೋಣಿ, 17 ಅಡಿಯ ಡಿಲಕ್ಸ್ ರನ್‌ಅಬೌಟ್. ಆ ಕಂಪನಿಯ ತವರು ಅಲ್ಗೊನಾಕ್, ಇದೇ ಸರೋವರಕ್ಕೆ ಬಂದು ಸೇರುವ ಸೇಂಟ್ ಕ್ಲೇರ್ ನದಿಯ ದಡದ ಊರು. ಈ ಕಡೆಯವರಿಗೆ ದೋಣಿಯ ಹುಚ್ಚು ಯಾಕೆ ಎಂದು ಮಗಳು ಕೇಳಿದಾಗ ಪಕ್ಕದ ದೋಣಿಯ ಅಜ್ಜ ಒಬ್ಬರು ಗಾರ್ ವುಡ್ ಹೆಸರು ತೆಗೆದರು. 1932ರಲ್ಲಿ ಆ ಮನುಷ್ಯ ಅದೇ ನದಿಯಲ್ಲಿ 'ಮಿಸ್ ಅಮೆರಿಕ 10' ಎಂಬ ದೋಣಿಯನ್ನು ಗಂಟೆಗೆ 124.86 ಮೈಲಿ ಓಡಿಸಿ ವಿಶ್ವದಾಖಲೆ ಮಾಡಿದ್ದ. ನಮ್ಮದು 35 ಮೈಲಿ ಮುಟ್ಟಿದರೆ ಹಬ್ಬ.

ನಮ್ಮ ಮನೆಯವರು ಇದನ್ನು 1,800 ಡಾಲರಿಗೆ ಒಂದು ಕೊಟ್ಟಿಗೆಯಿಂದ ಎಳೆದು ತಂದು ಮೂರು ವರ್ಷವಾಯಿತು. ಅದರ ಮೇಲಿನ ಹೊಳೆಯುವ ಸಾಮಾನಿಗೆಲ್ಲ ಮತ್ತೆ ಕ್ರೋಮ್ ಹಿಡಿಸಿದ ಬಿಲ್ಲು ಅದಕ್ಕಿಂತ ಜಾಸ್ತಿ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮಮ್ಮ ಇದನ್ನು ಓದುತ್ತಾರೆ. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಮ್ಯಾರಿನರ್ಸ್ ಮ್ಯೂಸಿಯಂ ಇದೆ. ಕಂಪನಿಯ ಹಳೇ ಕಾಗದಪತ್ರಗಳೆಲ್ಲ ಅಲ್ಲಿವೆ. ದೋಣಿಯ ನಂಬರ್ ಕೊಟ್ಟರೆ ಅದರ 'ಹಲ್ ಕಾರ್ಡ್' ನಕಲು ಕಳಿಸುತ್ತಾರೆ. ಯಾವ ಎಂಜಿನ್ ಕೂರಿಸಿದ್ದು, ಯಾವ ಊರಿಗೆ ಹೊರಟಿದ್ದು, ಎಲ್ಲ ಒಂದೇ ಕಾರ್ಡಿನಲ್ಲಿ. ಒಂಥರಾ ಜಾತಕ.

ಜಾತಕದಲ್ಲಿ ಇಲ್ಲದ ದೋಷವೂ ಇತ್ತು. ನಡುವೆ ಯಾವನೋ ಯಜಮಾನ, ಸೋರುವುದು ನಿಲ್ಲಲಿ ಎಂದು ತಳಕ್ಕೆ ಪೂರ್ತಿ ಫೈಬರ್‌ಗ್ಲಾಸ್ ಹೊದಿಸಿಬಿಟ್ಟಿದ್ದ. ಹೊರಗಿಂದ ನುಣ್ಣಗೆ, ಚೆಂದ. ಸುಲಿದು ನೋಡಿದರೆ ಒಳಗಿನ ಮರ ನೆನೆದ ರಸ್ಕು. ಒಳಗೆ ಸೇರಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ತಳದ ಹಲಗೆ ಅರ್ಧಕ್ಕಿಂತ ಹೆಚ್ಚು ಹೋಯಿತು.

ಅಲ್ಲಿಂದ ಶುರುವಾದದ್ದು ಅಪ್ಪ-ಮಗನ ಜಗಳ.

ಮಾವ ಗಂಗೊಳ್ಳಿಯವರು. ನಲವತ್ತು ವರ್ಷ ಮೀನುಗಾರಿಕೆ ಬೋಟು ಕಟ್ಟಿದ ಆಚಾರಿ. ಮೇ ತಿಂಗಳಲ್ಲಿ ಬಂದಾಗ ಸೂಟ್‌ಕೇಸಿನಲ್ಲಿ ಹಪ್ಪಳ, ಕೊಬ್ಬರಿ ಎಣ್ಣೆಯ ಜೊತೆ ಪಂಚೆಯಲ್ಲಿ ಸುತ್ತಿದ ಒಂದು ಕೀಸುಳಿ, ಮೂರು ಉಳಿ. ಇವರು ಆ ಹೊತ್ತಿಗೆ ತಿಂಗಳುಗಟ್ಟಲೆ ವಿಡಿಯೋ ನೋಡಿ 3ಎಂ 5200 ಎಂಬ ಅಂಟಿನಲ್ಲಿ ಹೊಸ ತಳ ಕೂರಿಸುವುದೆಂದು ತೀರ್ಮಾನಿಸಿಯಾಗಿತ್ತು. ಈಗ ಇಲ್ಲಿ ಬಹಳ ಜನ ಮಾಡುವುದೂ ಅದನ್ನೇ. ಹಲಗೆಗಳ ನಡುವೆ ರಬ್ಬರಿನಂತೆ ಕೂತುಬಿಡುತ್ತದೆ, ಸೋರುವುದಿಲ್ಲ, ಪ್ರತಿ ವಸಂತದಲ್ಲೂ ನೆನೆಹಾಕುವ ಕೆಲಸವಿಲ್ಲ. ಕಾರ್ಖಾನೆಯವರು ಮಾಡಿದ್ದು ಬೇರೆ: ಎರಡು ಪದರ ಹಲಗೆ, ನಡುವೆ ಲೇಪ ಹಚ್ಚಿದ ಕ್ಯಾನ್ವಾಸ್.

ಮಾವನಿಗೆ ಮೊದಲು ಕ್ಯಾನ್ವಾಸೇ ಹಿಡಿಸಲಿಲ್ಲ. ಅವರ ಲೆಕ್ಕದಲ್ಲಿ ಸಂದಿಗೆ ಹತ್ತಿ ಬಡಿಯಬೇಕು, ಅಷ್ಟೇ. ಅಂಟಿನ ವಿಷಯ ಕೇಳಿದ ಮೇಲೆ ಕ್ಯಾನ್ವಾಸ್ ಪರವಾಗಿಲ್ಲ ಅನ್ನಿಸಿರಬೇಕು. "ಒಬ್ಬ ರೇನ್‌ಕೋಟ್ ಹಾಕಿ ಕೊಳೆಸ್ದ, ನೀ ಗೋಂದ್ ಹಾಕಿ ಕೊಳೆಸ್" ಎಂದು ಮಗನಿಗೆ ಹೇಳಿ ಎದ್ದುಹೋದರು. "ಅಪ್ಪಯ್ಯ, ಅದು ಬೇರೆ ಇದು ಬೇರೆ" ಎಂದು ಇವರು ಹಿಂದಿನಿಂದ ಕೂಗಿದ್ದು ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಎರಡು ದಿನ ಊಟದ ಮೇಜಿನಲ್ಲಿ ಸಾರು ಬಡಿಸುವ ಸದ್ದು ಮಾತ್ರ.

ಮೂರನೇ ದಿನ ಇವರು ಅಂಟಿನ ಪೆಟ್ಟಿಗೆ ವಾಪಸ್ ಕೊಟ್ಟು ಬಂದರು. ನನ್ನನ್ನು ಕೇಳಿದರೆ, ಬರೀ ಲೆಕ್ಕ ಹಾಕಿದರೆ ಇವರದೇ ಸರಿ. 5200 ತಳ ಹೆಚ್ಚು ಗಟ್ಟಿ, ತಾಪತ್ರಯ ಕಡಿಮೆ. ಆದರೆ ಅಂಟಿನ ಕೆಲಸ ಇವರಿಗೆ ಗೊತ್ತಿದ್ದದ್ದು, ಮಾವನ ಕೈಗೆ ಗೊತ್ತಿಲ್ಲದ್ದು. ಮಾವ ಇಲ್ಲಿರುವುದು ಅಕ್ಟೋಬರ್‌ವರೆಗೆ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಇಲ್ಲಿ ಬರೆದೆ.

ಆಮೇಲೆ ನಡೆದ ಕೆಲಸದಲ್ಲಿ ನನಗೆ ಇಷ್ಟವಾದದ್ದು ಹಬೆಯ ದಿನಗಳು. ಮೂತಿಯ ಹತ್ತಿರ ತಳದ ಹಲಗೆ ನೇರ ಹೋಗುವುದಿಲ್ಲ, ತಿರುಚಿಕೊಂಡು ಮೇಲೇಳುತ್ತದೆ. ಅದಕ್ಕೆ ಉದ್ದನೆಯ ಮರದ ಡಬ್ಬ ಮಾಡಿ, ಒಂದು ತುದಿಯಿಂದ ಹಬೆ ಬಿಟ್ಟು ಹಲಗೆ ಬೇಯಿಸುವುದು. ಅಂಗುಲ ದಪ್ಪಕ್ಕೆ ಒಂದು ಗಂಟೆ, ಅದು ಎಲ್ಲರೂ ಹೇಳುವ ಲೆಕ್ಕ. ಹೊರಗೆ ತೆಗೆದ ಮೇಲೆ ಸಮಯವಿಲ್ಲ. ಒಂದು ನಿಮಿಷ ತಡವಾದರೆ ಮರ ಮತ್ತೆ ಮೊಂಡು ಹಿಡಿಯುತ್ತದೆ. ಇಡೀ ಸಂಸಾರ ಒಲೆಯ ಕೈಗವಸು ಹಾಕಿಕೊಂಡು, ಹಬೆಯಾಡುವ ಹಲಗೆ ಹೊತ್ತು ಗ್ಯಾರೇಜಿನಲ್ಲಿ ಓಡುವುದು, ಮಾವ "ಒತ್ತ್! ಒತ್ತ್! ಬಿಡ್ಬ್ಯಾಡ!" ಎಂದು ಕೂಗುವುದು, ಮಗಳು ಕ್ಲಾಂಪ್ ತಿರುಗಿಸುವುದು. ಮೊದಲ ಹಲಗೆ ಫಟ್ ಎಂದು ಸೀಳಿತು. ಎರಡನೆಯದು ಬಾಳೆಎಲೆಯ ಹಾಗೆ ಬಾಗಿ ಕೂತಿತು. ಆ ಡಬ್ಬದಲ್ಲಿ ಕಡುಬು ಬೇಯಿಸಬಹುದಿತ್ತು ಎಂದು ನನಗೆ ಅನ್ನಿಸಿದ್ದು ಮಾತ್ರ ಆಗ ಹೇಳಲಿಲ್ಲ.

ಸ್ಕ್ರೂ ಲೆಕ್ಕ ಹತ್ತು ವರ್ಷದ ಮಗನದು. ಹಳೆಯ ಹಿತ್ತಾಳೆಯವನ್ನು ತೆಗೆದು ಸಿಲಿಕಾನ್ ಬ್ರಾಂಜ್ ಹಾಕಿದ್ದು 1,412. ಅಂಚುಗಳ ಸಾಲಿನ ಸ್ಕ್ರೂ ತಲೆಯ ಮೇಲೆ ಒಂದೊಂದು ಪುಟ್ಟ ಮರದ ಬಿರಡೆ, ಅದರ ಎಳೆ ಹಲಗೆಯ ಎಳೆಗೆ ಹೊಂದುವಂತೆ ತಿರುಗಿಸಿ ಕೂರಿಸಬೇಕು. ಅಂಟಿನಲ್ಲಲ್ಲ, ವಾರ್ನಿಶ್‌ನಲ್ಲಿ ಅದ್ದಿ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಸುಲಭವಾಗಿ ಬರಲಿ ಎಂದು.

ವಾರ್ನಿಶ್ ನನ್ನ ಇಲಾಖೆ, ಅನಾಹುತವೂ ನನ್ನದೇ. ಜೂನ್ ಮೊದಲ ವಾರ ಗ್ಯಾರೇಜ್ ಬಾಗಿಲು ತೆರೆದಿಟ್ಟು ನಾಲ್ಕನೇ ಕೋಟ್ ಬಳಿದೆ. ಈ ಊರಿನಲ್ಲಿ ಆಗ ಕಾಟನ್‌ವುಡ್ ಮರಗಳು ಬೂರುಗದ ಹತ್ತಿಯಂತೆ ಹಾರಿಸುತ್ತವೆ. ಕಾಫಿ ಕುಡಿದು ಬರುವಷ್ಟರಲ್ಲಿ ದೋಣಿಗೆ ಗಡ್ಡ ಬಂದಿತ್ತು. ಒಣಗಲು ಬಿಟ್ಟು, ಪೂರ್ತಿ ಉಜ್ಜಿ, ಮತ್ತೆ ನಾಲ್ಕನೇ ಕೋಟ್. ಶಿವಮೊಗ್ಗದಲ್ಲಿ ಮೂರು ವರ್ಷ ಸಸ್ಯಶಾಸ್ತ್ರ ಓದಿದವಳು ನಾನು.

ಆ ಓದು ಒಂದು ಕಡೆ ಕೆಲಸಕ್ಕೆ ಬಂತು. ಇವರು 'ಮಹಾಗನಿ, ಮಹಾಗನಿ' ಎನ್ನುವ ಈ ಹಲಗೆ ಫಿಲಿಪೀನ್ಸಿನದು, ಅಸಲಿ ಮಹಾಗನಿಯೇ ಅಲ್ಲ. ಶೋರಿಯಾ ಜಾತಿಯದು, ಸಾಲ ಮರದ ನೆಂಟ. ನಮ್ಮ ಘಟ್ಟದ ಧೂಪದ ಮರವೂ ಅದೇ ಕುಟುಂಬ. ಮಾವನಿಗೆ ಹೇಳಿದೆ. ಅವರು ಕೀಸಿದ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ, "ಧೂಪದ್ ವಾಸ್ನೆ ಇಲ್ಲ" ಎಂದರು. ವಾಸನೆ ಮರದ ರಾಳದ್ದು, ಕುಟುಂಬದ್ದಲ್ಲ ಎಂದು ವಿವರಿಸಲು ಹೋಗಿ ಸುಮ್ಮನಾದೆ. ಮರುದಿನ ಫೋನಿನಲ್ಲಿ ಅತ್ತೆಗೆ "ಇಲ್ಲೂ ನಮ್ಮ ಧೂಪದ್ ಮರವೇ" ಎನ್ನುತ್ತಿದ್ದರು.

ಎಂಜಿನ್ ಬಗ್ಗೆ ನನ್ನಲ್ಲಿ ಬರೆಯಲು ಏನೂ ಇಲ್ಲ. ಆರು ಸಿಲಿಂಡರ್, 95 ಅಶ್ವಶಕ್ತಿ, 6 ವೋಲ್ಟ್ ಬ್ಯಾಟರಿ, ಇವರು ಮತ್ತು ಮಗಳು ಎರಡು ಚಳಿಗಾಲ, ನನ್ನ ಮೂರು ಒಳ್ಳೆಯ ಟವೆಲ್.

ಇವತ್ತಿನ ವಿಷಯಕ್ಕೆ ಬರುತ್ತೇನೆ. ದೋಣಿ ಇಳಿಸುವ ಮೊದಲು ಮಾವ ತೆಂಗಿನಕಾಯಿ ಒಡೆದು, ಬಗ್ಗಿ ಬೊಗಸೆ ನೀರು ತೆಗೆದು ಬಾಯಿಗೆ ಹಾಕಿಕೊಂಡರು. ನಾವು ಬೇಡ ಎನ್ನುವಷ್ಟರಲ್ಲಿ ನುಂಗಿಯಾಗಿತ್ತು. ಆಚೆ ದಡ ಕೆನಡಾ, ನಿಂತಲ್ಲಿಂದ ಕಾಣುವುದಿಲ್ಲ. "ಇಷ್ಟ್ ದೊಡ್ಡದ್, ಉಪ್ಪೇ ಇಲ್ಲ!" ಉಪ್ಪಿಲ್ಲದಿದ್ದರೆ ಮರ ಕೊರೆಯುವ ಹುಳವೂ ಇಲ್ಲ, ಹಾಗಾದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಕೆಲಸವೂ ಇಲ್ಲ ಎಂದು ತಾವೇ ಲೆಕ್ಕ ಹಾಕಿಕೊಂಡರು. ಎಣ್ಣೆ ಸಿಗದ್ದಕ್ಕೆ ಎರಡು ವಾರದಿಂದ ಅಸಮಾಧಾನದಲ್ಲಿದ್ದರು.

ಪಂಪ್ ಓಡಿದ ಹೊತ್ತು ಬರೆದಿಡಲು ಮಗ ಪುಸ್ತಕ ಹಿಡಿದು ಕೂತಿದ್ದ. ಹತ್ತು ಗಂಟೆಯವರೆಗೆ ಎರಡೂ ಪಂಪ್ ಬಿಡದೆ ಓಡಿದವು. ಹನ್ನೊಂದಕ್ಕೆ ಒಂದು ನಿಂತಿತು. ಮಧ್ಯಾಹ್ನ ಚಿತ್ರಾನ್ನ ತಿನ್ನುವ ಹೊತ್ತಿಗೆ ಇನ್ನೊಂದು ಆರು ನಿಮಿಷಕ್ಕೊಮ್ಮೆ. ನಾಲ್ಕು ಗಂಟೆಗೆ ಹದಿನೇಳು. ಪ್ರೊಪೆಲರ್ ದಂಡ ಹೊರಗೆ ಹೋಗುವ ಕಡೆ ಮಾತ್ರ ಹನಿ ನಿಲ್ಲಲಿಲ್ಲ ಎಂದು ಇವರು ಸ್ಪ್ಯಾನರ್ ಹಿಡಿದು ಇಳಿದರು. ಪಕ್ಕದ ದೋಣಿಯ ಅಜ್ಜ ತಡೆದರು. ಅಲ್ಲಿ ನಿಮಿಷಕ್ಕೆ ನಾಲ್ಕಾರು ಹನಿ ಬೀಳಲೇಬೇಕಂತೆ, ಪೂರ್ತಿ ಬಿಗಿದರೆ ದಂಡ ಬಿಸಿಯಾಗುತ್ತದೆ. ಮಾವನಿಗೆ ಇಂಗ್ಲಿಷ್ ಬರುವುದಿಲ್ಲ, ಆ ಅಜ್ಜನ ಬೆರಳು ತೋರಿಸಿದ್ದನ್ನು ನೋಡಿಯೇ ತಲೆಯಾಡಿಸಿದರು. ಆಮೇಲೆ ಇಬ್ಬರೂ ಒಂದು ಗಂಟೆ ಅಕ್ಕಪಕ್ಕ ಕೂತಿದ್ದರು. ಏನು ಮಾತಾಡಿದರೋ.

ಸಂಜೆ ಮಾವನನ್ನು ಮನೆಗೆ ಕರೆದರೆ ಬರಲಿಲ್ಲ. ಇವರೂ ಅಲ್ಲೇ ಉಳಿದಿದ್ದಾರೆ, ಕಾರಿನಲ್ಲಿ ಎರಡು ಕಂಬಳಿ ಇದೆ. ಈಗ ರಾತ್ರಿ ಹತ್ತೂವರೆ. ಇವರಿಂದ ಮೆಸೇಜ್ ಬಂತು: 8:50, 9:31, 10:22. ಮಗ ಅದನ್ನು ಪುಸ್ತಕಕ್ಕೆ ಇಳಿಸಿ ಮಲಗಿದ. ಬೆಳಿಗ್ಗೆ ಆರಕ್ಕೆ ಇಡ್ಲಿ ತೆಗೆದುಕೊಂಡು ಹೋಗಬೇಕು, ಹಿಟ್ಟು ಇನ್ನೂ ಉಬ್ಬಿಲ್ಲ.