ಚೆಂಡು ಕೈಬಿಟ್ಟ ಮೇಲೆ

ನೆಲಕ್ಕೆ ಹಾಸಿದ ಪಟ್ಟಿಯ ಏಣಿ, ಅಂದರೆ ಲ್ಯಾಡರ್ ಮೇಲೆ ಸರಸರ ಹೆಜ್ಜೆ ಹಾಕಿದ ಹುಡುಗನೇ ಎದುರಿಗೆ ಚೆಂಡು ಬಿದ್ದಾಗ ಕಾಲು ಕೀಳದೆ ನಿಂತುಬಿಟ್ಟ. ಇವತ್ತಿನ ಚುರುಕುತನದ ಅಭ್ಯಾಸ ಶುರುವಾಗಿದ್ದೇ ಹೀಗೆ. ತಪ್ಪು ಕಾಲಿನದ್ದಲ್ಲ. ಲ್ಯಾಡರಿನಲ್ಲಿ ಮುಂದಿನ ಹೆಜ್ಜೆ ಎಲ್ಲಿಗೆಂದು ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಅದನ್ನು ತೀರ್ಮಾನಿಸುವವನು ಎದುರಾಳಿ.

ಹಾಗಾಗಿ ಹತ್ತು ನಿಮಿಷದ ವಾರ್ಮ್‌ಅಪ್ ಆದಮೇಲೆ ಲ್ಯಾಡರಿಗೆ ಉಳಿದದ್ದು ಎಂಟೇ ನಿಮಿಷ. ಒಂದೊಂದು ಮನೆಗೆ ಎರಡು ಹೆಜ್ಜೆ, ಆಮೇಲೆ ಒಳಗೆ-ಒಳಗೆ-ಹೊರಗೆ. ಧಪಧಪ ಸದ್ದು ಬಂತೆಂದರೆ ಹಿಮ್ಮಡಿ ಊರುತ್ತಿದೆ ಎಂದೇ ಲೆಕ್ಕ. ಕಣ್ಣು ಪಾದಕ್ಕೆ ಅಂಟಿಕೊಳ್ಳದಿರಲು ಒಂದು ಉಪಾಯ: ಎದುರು ನಿಂತವನು ಬೆರಳು ತೋರಿಸುತ್ತಾನೆ, ಹೆಜ್ಜೆ ಹಾಕುವವನು ಎಷ್ಟೆಂದು ಕೂಗಬೇಕು. ವೇಗ ಇಳಿಯುತ್ತದೆ. ಇಳಿಯಲಿ.

ಹೆಚ್ಚು ಹೊತ್ತು ಹಿಡಿದದ್ದು ಚೆಂಡು ಬಿಡುವ ಡ್ರಿಲ್. ಜೊತೆಗಾರ ಟೆನಿಸ್ ಚೆಂಡನ್ನು ಭುಜದೆತ್ತರದಲ್ಲಿ ಹಿಡಿದು, ಹೇಳದೆ ಕೈಬಿಡುತ್ತಾನೆ. ಎರಡನೇ ಪುಟಿತಕ್ಕೆ ಮುಂಚೆ ಅದನ್ನು ಹಿಡಿಯಬೇಕು. ಗಟ್ಟಿ ನೆಲದಲ್ಲಿ ಇದಕ್ಕೆ ಸಿಗುವುದು ಸುಮಾರು 1.3 ಸೆಕೆಂಡ್. ಅದರಲ್ಲಿ ಕಣ್ಣು ಕಂಡು ಕಾಲು ಕದಲುವುದಕ್ಕೇ 0.2ರಿಂದ 0.25 ಸೆಕೆಂಡ್ ಹೋಗುತ್ತದೆ. 3 ಮೀಟರಿನಲ್ಲಿ ಶುರುಮಾಡಿ, ಐದರಲ್ಲಿ ನಾಲ್ಕು ಸಲ ಸಿಕ್ಕರೆ ಅರ್ಧ ಮೀಟರ್ ಹಿಂದಕ್ಕೆ.

ಹುಡುಗ ಎಡವುತ್ತಿದ್ದದ್ದು ಇಲ್ಲೇ. ನೆಟ್ಟಗೆ ನಿಂತಿದ್ದವನು ಚೆಂಡು ಬಿದ್ದಮೇಲೆ ಮಂಡಿ ಬಗ್ಗಿಸಿ, ಆಮೇಲೆ ಹೊರಡುತ್ತಿದ್ದ. ಬಗ್ಗುವ ಕೆಲಸ ಮೊದಲೇ ಮುಗಿದಿರಬೇಕು: ಕಾಲು ಭುಜದಗಲಕ್ಕಿಂತ ತುಸು ಹೆಚ್ಚು, ಸೊಂಟ ಕೆಳಗೆ, ಭಾರ ಪಾದದ ಮುಂಭಾಗದಲ್ಲಿ. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಊಹೆಯ ಚಾಳಿ ಹತ್ತಿತು. ಜೊತೆಗಾರನ ಭುಜ ಅಲುಗಿದರೆ ಸಾಕು, ಓಟ. ಅದಕ್ಕೆ ಮದ್ದು: ಜೊತೆಗಾರನ ಎರಡು ಕೈಯಲ್ಲಿ ಎರಡು ಚೆಂಡು, ಬೀಳುವುದು ಒಂದೇ. ಆಯ್ಕೆ ಬಂದೊಡನೆ ಪ್ರತಿಕ್ರಿಯೆ ನಿಧಾನವಾಗುತ್ತದೆ, ಆದ್ದರಿಂದ ದೂರವನ್ನು ಮತ್ತೆ 3 ಮೀಟರಿಗೆ ತಂದದ್ದಾಯಿತು. ಬಹಳ ಜನ ಇದನ್ನು ಮರೆತು ಹುಡುಗರನ್ನು ಬೈಯುತ್ತಾರೆ.

ಕೊನೆಗೆ ಸಾಲಾಗಿ ಇಟ್ಟ ಮೂರು ಕೋನ್‌ಗಳು. ನಡುವಿನದರಿಂದ ಎರಡೂ ಕಡೆ 4.5 ಮೀಟರ್, ಮೊದಲು ಯಾವ ಕಡೆ ಓಡಬೇಕು ಅನ್ನುವುದು ಕೈಸನ್ನೆಯಲ್ಲಿ. ತಿರುಗುವಾಗ ಊರುವ ಪಾದ ಸೊಂಟದಿಂದ ಆಚೆಗಿರಬೇಕು, ಮಂಡಿ ಕಾಲ್ಬೆರಳಿನ ನೇರಕ್ಕಿರಬೇಕು. ಮಂಡಿ ಒಳಕ್ಕೆ ವಾಲಿದರೆ ಅಲ್ಲಿಗೇ ನಿಲ್ಲಿಸಿ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟಿಗೆ ಹೆಚ್ಚಾಗಿ ಪೆಟ್ಟಾಗುವುದು ಇಂಥ ತಿರುವಿನಲ್ಲಿ. ಕೊನೆಯ ಎರಡು ಹೆಜ್ಜೆ ಚಿಕ್ಕದಾದರೆ ವೇಗ ತಾನಾಗಿ ಹಿಡಿತಕ್ಕೆ ಬರುತ್ತದೆ.

ಐದು ಸೆಕೆಂಡಿನ ಓಟಕ್ಕೆ ನಲವತ್ತೈದು ಸೆಕೆಂಡ್ ಬಿಡುವು. ಹುಡುಗರಿಗೆ ಇದು ಸೋಮಾರಿತನ ಅನ್ನಿಸುತ್ತದೆ, ಆದರೆ ಏದುಸಿರಿನಲ್ಲಿ ಮಾಡಿದರೆ ಬೆಳೆಯುವುದು ದಮ್ಮು, ಚುರುಕಲ್ಲ. ಏಳನೇ ಸಲ ತಿರುವಿನಲ್ಲಿ ಮತ್ತೆ ಧಪ್ ಎಂದು ಹಿಮ್ಮಡಿ ಸದ್ದು ಕೇಳಿಸಿತು. ಎಂಟನೆಯದು ಬೇಡವೆಂದು ಕೋನ್ ಎತ್ತಿಡಲಾಯಿತು.