ಫ್ರಿಜ್ ಹಿಂದಿನ ತಟ್ಟೆ
ಫ್ರಿಜ್ ಹಿಂದೆ ನೀರು ಇಳಿಯೋಕೆ ಒಂದು ತಟ್ಟೆ ಇರುತ್ತದೆ ಅನ್ನೋದು ನನಗೆ ಹನ್ನೊಂದು ವರ್ಷ ಗೊತ್ತೇ ಇರಲಿಲ್ಲ. ಫ್ರಿಜ್ ನನ್ನದೇ. ಆರಿಸಿ ತಂದವನೂ ನಾನೇ. ತಟ್ಟೆ ತೋರಿಸಿಕೊಟ್ಟಿದ್ದು ಮಾತ್ರ ಲಾರ್ವಾ, ಅಂದರೆ ಸೊಳ್ಳೆ ಮರಿಗಳ, ಸಮೀಕ್ಷೆಗೆ ಬಂದ ಆರೋಗ್ಯ ಕಾರ್ಯಕರ್ತೆ.

ಆವತ್ತು ನಾನು ಸಿಡುಕುತ್ತಲೇ ಬಾಗಿಲು ತೆಗೆದಿದ್ದೆ. ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ನಡೀತಾ ಇತ್ತು. "ನಮ್ಮ ಮನೇಲಿ ಸೊಳ್ಳೆ ಇಲ್ಲ ಮೇಡಂ, ಎಲ್ಲಾ ಕ್ಲೀನಾಗಿದೆ" ಅಂದೆ. "ಎರಡೇ ನಿಮಿಷ ಸರ್" ಎಂದು ಒಳಗೆ ಬಂದೇಬಿಟ್ಟರು. ಬಕೆಟ್ ನೋಡಿದರು. ಹೂಕುಂಡದ ಕೆಳಗೆ ನೋಡಿದರು. ಏನೂ ಇರಲಿಲ್ಲ. ನಾನು ಪರೀಕ್ಷೆ ಪಾಸಾದವನ ಹಾಗೆ ನಿಂತಿದ್ದೆ. ಆಮೇಲೆ ಅವರು ಫ್ರಿಜ್ ಹಿಂದಕ್ಕೆ ಕೈ ಹಾಕಿ, ತಟ್ಟೆಯನ್ನು ಮೆಲ್ಲಗೆ ಎಳೆದು, ಟಾರ್ಚ್ ಬಿಟ್ಟರು.

ಬೆಳಕು ಬಿದ್ದಿದ್ದೇ ತಡ, ತಲೆಕೆಳಗಾಗಿ ನೇತಾಡುತ್ತಿದ್ದ ಸಣ್ಣ ಸಣ್ಣ ಎಳೆಗಳೆಲ್ಲ ಬಳುಕುತ್ತಾ ತಳಕ್ಕೆ ಇಳಿದವು. ಸ್ವಲ್ಪ ಹೊತ್ತಿಗೆ ಒಂದೊಂದೇ ಮೇಲೆ ಬಂದವು. "ಉಸಿರಾಡೋಕೆ ಬರಲೇಬೇಕು ಸರ್. ಅವಕ್ಕೆ ಉಸಿರಿನ ಕೊಳವೆ ಇರೋದು ಬಾಲದ ತುದೀಲಿ" ಅಂದರು. ಎಣಿಸಿದೆ. ಹದಿನಾಲ್ಕು.

ನೀರು ಚೆಲ್ಲೋಕೆ ಹೊರಟೆ. ತಡೆದರು. ಮೊದಲು ನಾಲ್ಕೈದನ್ನು ಪುಟ್ಟ ಬಾಟಲಿಗೆ ತುಂಬಿಕೊಂಡರು. ಆಮೇಲೆ, ಚೆಲ್ಲಿದರೆ ಸಾಲದು, ತಟ್ಟೆಯ ಗೋಡೆಯನ್ನು ಬ್ರಷ್ ಹಾಕಿ ಉಜ್ಜಿ ಅಂದರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸಿ. ನೀರು ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಹಾಗೇ ಕಾದಿರುತ್ತದೆ. ಮತ್ತೆ ನೀರು ಬಿದ್ದರೆ ಒಡೆಯುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗೋಕೆ ಹೆಚ್ಚುಕಡಿಮೆ 7ರಿಂದ 10 ದಿನ. ವಾರಕ್ಕೊಮ್ಮೆ ಉಜ್ಜಿ ಅಂತ ಹೇಳೋದು ಸುಮ್ನೆ ಅಲ್ಲ.

ಅವರು ನಮ್ಮ ಬೀದಿಗೆ ಬಂದಿದ್ದೂ ಸುಮ್ನೆ ಅಲ್ಲ. ಎರಡು ಮನೆ ಆಚೆ ಒಬ್ಬ ಹುಡುಗನಿಗೆ ಡೆಂಗಿ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾಗಿತ್ತು. ಆ ವರದಿ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಇವರ ಕೈಗೆ ನಮ್ಮ ಬೀದಿಯ ಪಟ್ಟಿ ಬಂದಿತ್ತು. ನನ್ನ ತಟ್ಟೆಯಲ್ಲಿ ಹುಟ್ಟಿದ ಸೊಳ್ಳೆ ಸಾಮಾನ್ಯವಾಗಿ ಹುಟ್ಟುವಾಗಲೇ ರೋಗ ಹೊತ್ತಿರಲ್ಲ. ಅದು ಆ ಹುಡುಗನನ್ನು ಕಚ್ಚಬೇಕು. ವೈರಸ್ ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿಗೆ ಬರೋಕೆ 8ರಿಂದ 12 ದಿನ ಬೇಕು. ಆಮೇಲೆ ಅದು ಯಾರನ್ನು ಕಚ್ಚಿದರೂ ರೋಗ ಅಂಟಬಹುದು. ಈಡಿಸ್ ಜಾಸ್ತಿ ದೂರವೂ ಹಾರಲ್ಲ, ಕೆಲವು ನೂರು ಮೀಟರ್ ಒಳಗೇ ಅದರ ಓಡಾಟ. ಅಂದರೆ ಆ ಕೆಲವೇ ದಿನಗಳಲ್ಲಿ ಸುತ್ತಲ ಮನೆಗಳನ್ನು ನೋಡಿ ಮುಗಿಸಬೇಕು. ಟಾರ್ಚ್ ಹಿಡಿದು ಒಬ್ಬರು ಮನೆ ಮನೆ ಸುತ್ತುತ್ತಿದ್ದರೆ, ನಾನು ಮೀಟಿಂಗ್ ಕೆಟ್ಟಿತು ಅಂತ ಮುಖ ಗಂಟು ಹಾಕಿಕೊಂಡಿದ್ದೆ.

ಇನ್ನೊಂದು ತಪ್ಪೊಪ್ಪಿಗೆ. ಅದರ ಹಿಂದಿನ ವಾರವೇ "ಫಾಗಿಂಗ್ ಯಾಕೆ ಮಾಡಿಸ್ತಿಲ್ಲ" ಅಂತ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಬರೆದು ಹನ್ನೆರಡು ಲೈಕ್ ಗಿಟ್ಟಿಸಿದ್ದೆ. ಹೊಗೆ ಸಾಯಿಸೋದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ನನ್ನ ತಟ್ಟೆಯ ಹದಿನಾಲ್ಕಕ್ಕೆ ಅದರಿಂದ ಏನೂ ಆಗ್ತಿರಲಿಲ್ಲ. ಆದರೆ ಹೊಗೆ ಕಣ್ಣಿಗೆ ಕಾಣುತ್ತೆ, ಗಾಡಿ ಸದ್ದು ಮಾಡುತ್ತೆ, ನಮಗೆ ಸಮಾಧಾನ ಆಗುತ್ತೆ ಅಲ್ವಾ.

ನಾಚಿಕೆಗೋ ಏನೋ, ಆಮೇಲೆ ಶನಿವಾರಗಳಲ್ಲಿ ಅವರ ಜೊತೆ ಹೋಗತೊಡಗಿದೆ. ನನ್ನ ಕೆಲಸ ಟಾರ್ಚ್ ಹಿಡಿಯೋದು, ಪಟ್ಟಿ ಬರೆಯೋದು. ಪಟ್ಟಿಯಲ್ಲಿ ಜಾಸ್ತಿ ಬರೆಯುವ ಪದ "ಬೀಗ". ಆ ಮನೆಗೆ ಮತ್ತೆ ಹೋಗಬೇಕು. ಮತ್ತೆ ಬೀಗ ಇದ್ದರೆ ಮತ್ತೆ.

ಲಂಡನ್ನಿನ ಸೋಹೋದಲ್ಲಿ 1854ರಲ್ಲಿ ಕಾಲರಾ ಬಂದ ಕಥೆ ಬಹಳ ಜನ ಓದಿರುತ್ತೀರಿ. ಜಾನ್ ಸ್ನೋ ಎಂಬ ವೈದ್ಯ, ಸತ್ತವರು ಎಲ್ಲಿಯ ನೀರು ಕುಡಿಯುತ್ತಿದ್ದರು ಅಂತ ಮನೆ ಮನೆ ವಿಚಾರಿಸಿ, ಬ್ರಾಡ್ ಸ್ಟ್ರೀಟಿನ ಪಂಪಿನತ್ತ ಬೆರಳು ತೋರಿಸಿದ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಕಿತ್ತರು. ಅಷ್ಟರಲ್ಲಿ ರೋಗ ಇಳಿಮುಖವಾಗಿತ್ತು ಅನ್ನೋದು ಬೇರೆ ಮಾತು. ನನಗೆ ಇಷ್ಟವಾಗೋದು ಹೆನ್ರಿ ವೈಟ್‌ಹೆಡ್. ಆ ಬಡಾವಣೆಯ ಯುವ ಪಾದ್ರಿ. ಸ್ನೋ ಹೇಳಿದ್ದು ತಪ್ಪು ಅಂತ ತೋರಿಸೋಕೇ ಹೊರಟವನು. ಜನರ ಪರಿಚಯವಿತ್ತು, ಹಾಗಾಗಿ ಒಂದೇ ಮನೆಗೆ ಮತ್ತೆ ಮತ್ತೆ ಹೋಗಿ ಕೇಳಿದ. ಕೊನೆಗೆ 40ನೇ ನಂಬರಿನ ಮನೆಯಲ್ಲಿ ಕಾಯಿಲೆ ಬಿದ್ದಿದ್ದ ಒಂದು ಹಸುಗೂಸಿನ ವಿಷಯ ಗೊತ್ತಾಯಿತು. ಅದರ ಬಟ್ಟೆ ತೊಳೆದ ನೀರನ್ನು ತಾಯಿ ಮನೆ ಮುಂದಿನ ಮಲದ ಗುಂಡಿಗೆ ಸುರಿದಿದ್ದಳು. ಗುಂಡಿಯ ಇಟ್ಟಿಗೆ ಸಡಿಲವಾಗಿತ್ತು. ಪಕ್ಕದಲ್ಲೇ ಪಂಪಿನ ಬಾವಿ. ತಪ್ಪು ಹುಡುಕಲು ಹೋದವನೇ ಸ್ನೋ ಪರವಾಗಿ ನಿಂತ.

ಲಸಿಕೆಯ ಕೆಲಸವೂ ಇದೇ ಥರ. ಒಂದು ಮನೆಯಲ್ಲಿ ಮಗುವಿಗೆ ದಡಾರದ ಎರಡನೇ ಡೋಸ್ ಹಾಕಿಸಿರಲಿಲ್ಲ. ಮೊದಲ ಸಲ ಜ್ವರ ಬಂದಿತ್ತು, ಅದಕ್ಕೇ ಹೆದರಿಕೆ. ನಾನಾಗಿದ್ದರೆ ಭಾಷಣ ಬಿಗಿಯುತ್ತಿದ್ದೆ. ನಮ್ಮ ಆರೋಗ್ಯ ಕಾರ್ಯಕರ್ತೆ ಕೂತರು. ಎಷ್ಟು ದಿನ ಜ್ವರ ಇತ್ತು, ರಾತ್ರಿ ನಿದ್ದೆ ಮಾಡಿತಾ, ಎಲ್ಲಾ ಕೇಳಿಸಿಕೊಂಡರು. ಲಸಿಕೆ ಹಾಳಾಗಿದ್ದರೆ ಅಂತ ಮಗುವಿನ ತಾಯಿ ಕೇಳಿದ್ದಕ್ಕೆ, ಕೇಂದ್ರಕ್ಕೆ ಬನ್ನಿ, ಬಾಟಲಿ ಮೇಲಿನ ಗುರುತು ತೋರಿಸ್ತೀನಿ ಅಂದರು. ವೃತ್ತದೊಳಗೆ ಒಂದು ಪುಟ್ಟ ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಿಸಿ ತಗುಲಿ ಕೆಟ್ಟಿಲ್ಲ ಅಂತ ಅರ್ಥ. ಅಷ್ಟೇ ಕಪ್ಪಾದರೆ ಬಿಸಾಡಬೇಕು. ಬುಧವಾರ ಆಕೆ ಬಂದರಂತೆ, ಮೊದಲು ಚೌಕ ನೋಡಿದರಂತೆ.

ಒಂದು ಮಗು ಬಿಟ್ಟುಹೋದರೆ ಏನಂತೆ ಅನ್ನಿಸಬಹುದು. ಯಾರಿಗೂ ಲಸಿಕೆ ಆಗದ ಕಡೆ ಒಬ್ಬರ ದಡಾರ 12ರಿಂದ 18 ಜನಕ್ಕೆ ಹರಡುತ್ತದೆ. ಅದು ಹಬ್ಬದಂತೆ ತಡೆಯಲು 100ರಲ್ಲಿ 95 ಜನಕ್ಕಾದರೂ ಎರಡೂ ಡೋಸ್ ಆಗಿರಬೇಕು. ಆ ಲೆಕ್ಕ ಗೊತ್ತಾದ ಮೇಲೆ "ಬೀಗ" ಅಂತ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ.

ಹೋದ ವಾರ, ಮೂರು ಸಲ ಬೀಗ ಕಂಡಿದ್ದ ಒಂದು ಮನೆಗೆ ಸಂಜೆ ಏಳಕ್ಕೆ ಹೋದೆವು. ಆಗ ತಾನೇ ಕೆಲಸದಿಂದ ಬಂದಿದ್ದವರು ಬಾಗಿಲು ತೆಗೆದು, "ನಮ್ಮ ಮನೇಲಿ ಸೊಳ್ಳೆ ಇಲ್ರೀ" ಅಂದರು.

"ಎರಡೇ ನಿಮಿಷ ಸರ್" ಅಂದೆ ನಾನು.

ನೇರ ಫ್ರಿಜ್ ಹತ್ತಿರ ಹೋದೆ. ಅವರ ತಟ್ಟೆ ಒಣಗಿತ್ತು. ಹುಳ ಸಿಕ್ಕಿದ್ದು ಬಾಲ್ಕನಿಯಲ್ಲಿ ಅಂಗಾತ ಬಿದ್ದಿದ್ದ ಹಳೇ ಹೆಲ್ಮೆಟ್‌ನಲ್ಲಿ.